ದೇವರಾಜ ಮಾರ್ಕೆಟ್ಟಲ್ಲಿ ಫೋಟೊ: ಕೇಳಿ ತೆಗೀಬೇಕಾ, ತೆಗೆದು ಮಾತಾಡಿಸ್ಬೇಕಾ?

ಭಾನುವಾರದ ಕ್ಯಾಮೆರಾ, ಮೈಸೂರು
ಆರು ತಿಂಗಳಿಂದ ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡ್ಕೊಂಡು ಚಿಕ್ಕ ಗಡಿಯಾರದ ಕಡೆಯಿಂದ ಮಾರ್ಕೆಟ್ಟಿಗೆ ನುಗ್ತೀನಿ. ಕಳೆದ ವಾರ ಹೂವಿನ ಸಾಲಲ್ಲಿ ಒಬ್ಬರು ಅಜ್ಜಿ ಮಲ್ಲಿಗೆ ಕಟ್ತಿದ್ರು. ಕಣ್ಣು ಎದುರಂಗಡಿ ಜಗಳದ ಮೇಲೆ. ಬೆರಳು ಮಾತ್ರ ತಮ್ಮ ಪಾಡಿಗೆ ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ ಇಟ್ಟು ಬಾಳೆನಾರು ಬಿಗೀತಿದ್ವು. ದೂರದಿಂದ 85 ಎಂಎಂ ಲೆನ್ಸಲ್ಲಿ ತೆಗೆದೆ. ಕ್ಯಾಮೆರಾ ಇಳಿಸೋಷ್ಟರಲ್ಲಿ ತಿರುಗಿ, "ಏನ್ ತೆಗ್ದೆ, ತೋರ್ಸು ಮಗಾ" ಅಂದ್ರು. ನಾನು ಏನೋ ತೊದಲಿ, ಕುಂಕುಮದ ಗುಡ್ಡೆಗಳ ಸಂದಿಯಲ್ಲಿ ಪರಾರಿ. ಚಿತ್ರ ಚೆನ್ನಾಗಿದೆ. ಆದ್ರೆ ನೋಡಿದಾಗೆಲ್ಲ ಕದ್ದ ಮಾಲು ಅನ್ಸುತ್ತೆ. ಮೊದಲೇ ಕೇಳಿದ್ರೆ ಸೆರಗು ಸರಿ ಮಾಡ್ಕೊಂಡು ರೇಷನ್ ಕಾರ್ಡಿಗೆ ಕೂತಂಗೆ ಕೂತ್ಕೋತಾರೆ. ನೀವೆಲ್ಲ ಏನ್ ಮಾಡ್ತೀರ?

ಆಲೆಮನೆ, ಮಂಡ್ಯ
ಪೋಸ್ ಕೊಡ್ತಾರೆ, ನಿಜ. ಎಷ್ಟೊತ್ತು ಕೊಡ್ತಾರೆ ಹೇಳಿ? ನಮ್ಮೂರ ಹತ್ರ ಒಂದು ಆಲೆಮನೆಗೆ ಹೋಗಿದ್ದೆ. ನೋಡಿದ ತಕ್ಷಣ ಎಲ್ರೂ ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಸಾಲಾಗಿ ನಿಂತ್ರು. ಅದನ್ನೂ ತೆಗೆದೆ, ತೋರಿಸ್ದೆ, ನಕ್ರು. ಒಂದು ಲೋಟ ಕಬ್ಬಿನ ಹಾಲು ಕುಡಿದು ಮೂಲೇಲಿ ಕೂತೆ. ಕೊಪ್ಪರಿಗೇಲಿ ಪಾಕ ಉಕ್ಕಿ ಬಂತು ನೋಡಿ, ಒಬ್ಬ ಒಲೆಗೆ ಸಿಪ್ಪೆ ತಳ್ಳೋದು ನಿಲ್ಲಿಸ್ದ, ಇನ್ನೊಬ್ಬ ಹುಟ್ಟು ಹಿಡ್ಕೊಂಡು ಓಡಿ ಬಂದ. ನಾನೊಬ್ಬ ಅಲ್ಲಿದೀನಿ ಅನ್ನೋದೇ ಯಾರಿಗೂ ನೆನಪಿಲ್ಲ! ಆ ಹಬೆಯೊಳಗಿನ ಮುಖ ಬೇಲಿ ಆಚೆಯಿಂದ ಸಿಕ್ತಿತ್ತಾ? ಅರ್ಧ ಗಂಟೆ ಕೂರೋ ತಾಳ್ಮೆ ಬೇಕು, ಅಷ್ಟೇ.

ಮೂವತ್ತೈದು ಎಂಎಂ
ಒಪ್ಪಲ್ಲ. ಆಲೆಮನೇಲಿ ಕೂರಬಹುದು, ಸಯ್ಯಾಜಿರಾವ್ ರಸ್ತೆ ದಾಟೋರನ್ನ ನಿಲ್ಲಿಸಿ ಕೇಳಕ್ಕಾಗುತ್ತಾ? ಫ್ರಾನ್ಸಿನ ಹೆಸರಾಂತ ಫೋಟೊಗ್ರಾಫರ್ ಕಾರ್ಟಿಯೆ ಬ್ರೆಸಾನ್ ತಮ್ಮ ಲೈಕಾ ಕ್ಯಾಮೆರಾ ಹೊಳೀಬಾರದು ಅಂತ ಕಪ್ಪು ಟೇಪ್ ಸುತ್ತಿದ್ದು ಸುಮ್ನೆ ಅಲ್ಲ. ಆದ್ರೆ ದೂರ ನಿಂತು ತೆಗೆಯೋ ಆ 85 ಲೆನ್ಸ್ ಬಿಡಿ, ನಿಮ್ಮನ್ನ ಕಳ್ಳ ಮಾಡ್ತಿರೋದೇ ಅದು. ನಮ್ಮ ಮೈಸೂರಿನ ಪತ್ರಿಕಾ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪು ಚಿತ್ರಗಳಲ್ಲಿ ಜನ, ಮಕ್ಕಳು ಎಷ್ಟು ಸಲೀಸಾಗಿದ್ದಾರೆ ನೋಡಿ. ಹತ್ತಿರದಿಂದ್ಲೇ ಅಗಲವಾಗಿ ಹಿಡಿಯೋ 35 ಎಂಎಂ ಲೆನ್ಸ್ ಹಾಕಿ, ಬೆಳಕು ಬರೋ ಕಿಂಡಿ (ಅಪರ್ಚರ್) ಎಫ್ 8ಕ್ಕೆ, ಫೋಕಸ್ 3 ಮೀಟರಿಗೆ ಇಡಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಸುಮಾರು 2ರಿಂದ 7 ಮೀಟರ್ ತನಕ ಚೊಕ್ಕವಾಗಿ ಬರುತ್ತೆ. ಮಾರ್ಕೆಟ್ ಒಳಗೆ ಕತ್ತಲು, ಬೆಳಕು ಹಿಡಿಯೋ ಸೂಕ್ಷ್ಮತೆ, ಅಂದ್ರೆ ಐಎಸ್‌ಒ 3200ಕ್ಕೆ ಏರಿಸಿ. ಎದುರಿಗೇ ನಿಂತು ತೆಗೀರಿ, ನೋಡಿದ್ರೆ ನಗಿ. ಓಡ್ಬೇಡಿ ಗುರು.

ಹೂವಾಡಗಿತ್ತಿ ಮಗಳು
ನಮ್ಮಮ್ಮ ಇಪ್ಪತ್ತು ವರ್ಷ ಅದೇ ಸಾಲಲ್ಲಿ ಹೂ ಮಾರಿದವರು. ಯಾರೋ ತೆಗೆದ ಅವರ ಫೋಟೊ ಒಂದು ಲಾಡ್ಜಿನ ಕ್ಯಾಲೆಂಡರಲ್ಲಿ ಬಂತು. ನಾವು ಅದನ್ನ ನೋಡಿದ್ದು ನೆಂಟರ ಮನೆ ಗೋಡೆ ಮೇಲೆ, ನಾಮಕರಣದ ದಿನ. ಕಂಕುಳ ಹತ್ರ ರವಿಕೆ ಹೊಲಿಗೆ ಬಿಟ್ಟಿರೋದು ಎದ್ದು ಕಾಣ್ತಿತ್ತು. ಅಮ್ಮ ಊಟಕ್ಕೂ ಕೂರ್ಲಿಲ್ಲ. ನಿಮಗೆ ಪೋಸ್ ಅನ್ಸೋ ಆ ಸೆರಗು ಅವರಿಗೆ ಮರ್ಯಾದೆ ಸರ್. ಅಜ್ಜಿ ತೋರ್ಸು ಅಂದ್ರಲ್ಲ, ತೋರ್ಸಿ. ಬೇಡ ಅಂದ್ರೆ ಅಳಿಸಿ.

ಭಾನುವಾರದ ಕ್ಯಾಮೆರಾ
ಇವತ್ತು ಪ್ರಿಂಟ್ ಹಾಕಿಸ್ಕೊಂಡು ಹೋಗಿದ್ದೆ. ಅಜ್ಜಿ ಇಲ್ಲ, ಮಗಳ ಮನೆಗೆ ಹೋಗವ್ರಂತೆ. ಪಕ್ಕದ ನಿಂಬೆಹಣ್ಣಿನವರು ಇಸ್ಕೊಂಡು ನೋಡಿ, "ಮೊಗ್ಗೆಲ್ಲ ಅರಳ್ಕೊಂಡಂಗೆ ಬಂದದಲ್ಲ, ಇದ್ನ ನೋಡುದ್ರೆ ಯಾರ್ ತಗತರೆ?" ಅಂದ್ರು. ಆಮೇಲೆ "ನಂದೂ ಒಂದ್ ತೆಗಿ" ಅಂತ ಶರ್ಟಿನ ಮೇಲ್ಗುಂಡಿ ಹಾಕ್ಕೊಂಡು ಕೂತ್ರು. ಥೇಟ್ ರೇಷನ್ ಕಾರ್ಡ್. ತೆಗೆದೆ. ಅಜ್ಜಿ ಗುರುವಾರ ಬರ್ತಾರಂತೆ.