ಭಿನ್ನರಾಶಿ ಹೇಳಿಕೊಡಲು ಹೋದರೆ ಮಗಳು ನನ್ನ ದಾರಿಯೇ ತಪ್ಪು ಅಂತಾಳೆ

ಮೊದಲ ಪೋಸ್ಟ್

ಎಲ್ಲರಿಗೂ ನಮಸ್ಕಾರ. ನಾವು ಇಲ್ಲಿಗೆ ಬಂದು ಎರಡು ವರ್ಷ ಆಯಿತು. ಮಗಳಿಗೆ ಈಗ ಹತ್ತು. ಲೆಕ್ಕದಲ್ಲಿ ಚೆನ್ನಾಗಿಯೇ ಇದ್ದಳು, ಭಿನ್ನರಾಶಿ ಶುರುವಾದ ಮೇಲೆ ದಿನಾ ಅಳು. ಮೊನ್ನೆ 5/12 + 7/18 ಕೊಟ್ಟಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 12/30 ಅಂತ ಬರೆದಳು. ನಾನು ಪಕ್ಕದಲ್ಲಿ ಕೂತು, ನಾವೆಲ್ಲ ಕಲಿತ ಹಾಗೆ 12, 18 ಎರಡನ್ನೂ ಒಂದೇ ಸಾಲಿನಲ್ಲಿ ಬರೆದು, 2ರಿಂದ, ಆಮೇಲೆ 3ರಿಂದ ಭಾಗಿಸಿ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 36 ತೆಗೆದು ತೋರಿಸಿದೆ. "ಟೀಚರ್ ಹೀಗೆ ಮಾಡಲ್ಲ ಅಮ್ಮ, ಇದು ತಪ್ಪು" ಅಂತ ಪುಸ್ತಕ ಮುಚ್ಚಿಬಿಟ್ಟಳು. ಅವಳ ಶಾಲೆಯಲ್ಲಿ ಬರೀ ಚಿತ್ರ, ಪಟ್ಟಿ. ನನಗೆ ಅದು ಅರ್ಥ ಆಗುವುದಿಲ್ಲ, ಅವಳಿಗೆ ನನ್ನ ಅಪವರ್ತನ, ಅಪವರ್ತ್ಯ ಅರ್ಥ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಆ ಎರಡು ಪದದಲ್ಲಿ ಯಾವುದು ಯಾವುದು ಅಂತ ನನಗೂ ಒಂದು ಕ್ಷಣ ತಡೆಯಿತು. ನಾನು ಹೇಳಿಕೊಡುವುದು ನಿಲ್ಲಿಸಿಬಿಡಲಾ? ನೀವೆಲ್ಲ ಏನು ಮಾಡಿದಿರಿ?

ಉತ್ತರ: ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು

ನಿಲ್ಲಿಸಬೇಡಿ. ನಿಮ್ಮ ದಾರಿಯೂ ಸರಿ, ಶಾಲೆಯದೂ ಸರಿ, ಎರಡೂ ಒಂದೇ ಕಡೆ ಹೋಗುತ್ತವೆ. ಚೌಕದ ಗೆರೆ ಇರುವ ಹಾಳೆಯಲ್ಲಿ 36 ಚೌಕದ ಒಂದು ಉದ್ದ ಪಟ್ಟಿ ಕತ್ತರಿಸಿ. ಅದನ್ನು 12 ಪಾಲು ಮಾಡಿದರೆ ಒಂದೊಂದು ಪಾಲಿಗೆ 3 ಚೌಕ. 18 ಪಾಲು ಮಾಡಿದರೆ ಒಂದೊಂದಕ್ಕೆ 2 ಚೌಕ. ಹಾಗಾಗಿ 5/12 ಅಂದರೆ 15 ಚೌಕ, 7/18 ಅಂದರೆ 14 ಚೌಕ. ಒಟ್ಟು 29, ಉತ್ತರ 29/36. ಈಗ ಅವಳಿಗೇ 30 ಚೌಕದ ಪಟ್ಟಿ ಕೊಟ್ಟು 12 ಸಮಪಾಲು ಮಾಡು ಅನ್ನಿ. ಚೌಕ ಹರಿಯದೆ ಆಗುವುದೇ ಇಲ್ಲ. 36 ಯಾಕೆ ಬೇಕು ಅನ್ನುವುದು ಅಲ್ಲಿ ಕೈಗೆ ಸಿಗುತ್ತದೆ. ಲ.ಸಾ.ಅ. ಅಂದರೆ ಎರಡು ಥರದ ಪಾಲಿಗೂ ಒಗ್ಗುವ ಅತಿ ಚಿಕ್ಕ ಪಟ್ಟಿ, ಅಷ್ಟೇ.

12/30 ತಪ್ಪು ಅಂತ ನೀವು ಹೇಳಬೇಡಿ. ಅವಳೇ ಕಂಡುಕೊಳ್ಳಲಿ. 12/30 ಅಂದರೆ 0.4. ಅವಳ ಹತ್ತಿರ ಮೊದಲೇ ಇದ್ದ 5/12 ಅದಕ್ಕಿಂತ ಜಾಸ್ತಿ, 0.41 ದಾಟುತ್ತದೆ. ಕೂಡಿಸಿದ ಮೇಲೆ ಕಡಿಮೆ ಆಗಲು ಸಾಧ್ಯವಾ ಅಂತ ಕೇಳಿ ಸುಮ್ಮನಿರಿ.

ಪದದ ಗೊಂದಲಕ್ಕೆ ಮಗ್ಗಿ ಇಟ್ಟುಕೊಳ್ಳಿ. ಹನ್ನೆರಡರ ಮಗ್ಗಿಯಲ್ಲಿ ಬರುವುದೆಲ್ಲ ಹನ್ನೆರಡರ ಅಪವರ್ತ್ಯ: 12, 24, 36. ಹನ್ನೆರಡು ಯಾರ ಯಾರ ಮಗ್ಗಿಯಲ್ಲಿ ಬರುತ್ತದೋ ಅವರೆಲ್ಲ ಅದರ ಅಪವರ್ತನ: 1, 2, 3, 4, 6, 12. ಕೂಡಿಸುವಾಗ ಅಪವರ್ತ್ಯ ಬೇಕು. ಉತ್ತರವನ್ನು ಚಿಕ್ಕದು ಮಾಡುವಾಗ ಅಪವರ್ತನ ಬೇಕು.

ಉತ್ತರ: ಇಪ್ಪತ್ತೆರಡು ವರ್ಷದಿಂದ ಇಲ್ಲಿ ಇರುವವರು

ಮಗ್ಗಿ ಅಂದಿರಲ್ಲ, ಅಲ್ಲಿಗೇ ಬನ್ನಿ. ಮಿಕ್ಕಿದ್ದೆಲ್ಲ ಬೇಡ. ನಮ್ಮ ಮಕ್ಕಳಿಗೆ ಮಗ್ಗಿ ಬರುವುದಿಲ್ಲ, ಅದೊಂದೇ ಕಾಯಿಲೆ. ನನ್ನ ಇಬ್ಬರಿಗೂ ಇಪ್ಪತ್ತರವರೆಗೆ ಕನ್ನಡದಲ್ಲೇ ಬಾಯಿಪಾಠ ಮಾಡಿಸಿದ್ದೇನೆ. ದಿನಾ ಬೆಳಗ್ಗೆ, ಶಾಲೆಗೆ ಹೊರಡುವ ಮುಂಚೆ. ಹನ್ನೆರಡು ಮೂರ್ಲ ಮೂವತ್ತಾರು, ಹದಿನೆಂಟೆರಡ್ಲ ಮೂವತ್ತಾರು. ಎರಡು ಮಗ್ಗಿ ಬಾಯಲ್ಲಿ ಇದ್ದರೆ 36 ತಾನಾಗಿ ಬರುತ್ತದೆ, ಪಟ್ಟಿ ಯಾಕೆ, ಕತ್ತರಿ ಯಾಕೆ? ಇಲ್ಲಿಯ ಶಾಲೆಗಳಲ್ಲಿ ಬಣ್ಣ ಹಚ್ಚಿಸುವುದೇ ಆಯಿತು. ನಾವು ನೋಡುತ್ತಾ ಕೂತರೆ ನಮ್ಮದೇ ತಪ್ಪು.

ಉತ್ತರ: ಮೂರು ಮಕ್ಕಳ ಅಪ್ಪ

ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಮಗ್ಗಿಯೇ ಅಡಿಪಾಯ.

ಉತ್ತರ: ಸಾಫ್ಟ್‌ವೇರ್ ಕೆಲಸದವರು

ಲ.ಸಾ.ಅ. ಹುಡುಕುವುದೇ ಬೇಡ. ಎರಡು ಛೇದ, ಅಂದರೆ ಕೆಳಗಿನ ಅಂಕಿ, ಗುಣಿಸಿಬಿಡಿ. 12 × 18 = 216. ಓರೆಯಾಗಿ ಗುಣಿಸಿದರೆ (5 × 18, 7 × 12) 90 + 84 = 174. 174/216, ಎರಡನ್ನೂ 6ರಿಂದ ಭಾಗಿಸಿದರೆ 29/36. ನಾನು ಯಾವತ್ತೂ ಹೀಗೇ ಮಾಡಿದ್ದು.

ಉತ್ತರ: ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು

ಎರಡೇ ಭಿನ್ನರಾಶಿ ಇದ್ದರೆ ನಡೆಯುತ್ತದೆ. ಆದರೆ 1/6 + 3/8 + 4/9 ಕೊಟ್ಟರೆ? ಗುಣಿಸಿದರೆ ಛೇದ 432. ಲ.ಸಾ.ಅ. ತೆಗೆದರೆ 72. 12 + 27 + 32, ಅಂದರೆ 71/72. ಉತ್ತರ ಒಂದಕ್ಕೆ ಕೂದಲೆಳೆಯಷ್ಟು ಕಡಿಮೆ ಅಂತ ಕಣ್ಣಿಗೇ ಕಾಣುತ್ತದೆ, 432ರಲ್ಲಿ ಅದು ಕಾಣುವುದಿಲ್ಲ. ನೀವು ಕೊನೆಯಲ್ಲಿ 6ರಿಂದ ಭಾಗಿಸಿದಿರಲ್ಲ ಸರ್, ಆ 6 ಬೇರೇನೂ ಅಲ್ಲ, 12 ಮತ್ತು 18ರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ). ಮೊದಲೇ 216ನ್ನು ಅದರಿಂದ ಭಾಗಿಸಿದ್ದರೆ 36 ಸಿಗುತ್ತಿತ್ತು.

ಮಗ್ಗಿ ಬೇಡ ಅಂತ ನಾನು ಹೇಳಿಲ್ಲ. ಆದರೆ ಈ ಮಗುವಿಗೆ ಗುಣಾಕಾರ ಬರುತ್ತದೆ, ಛೇದ ಅಂದರೆ ಏನು ಅಂತ ಗೊತ್ತಿಲ್ಲ. ಅದು ಬೇರೆ ತೊಂದರೆ.

ಉತ್ತರ: ಇಪ್ಪತ್ತೆರಡು ವರ್ಷದಿಂದ ಇಲ್ಲಿ ಇರುವವರು

ಬೇರೆ ತೊಂದರೆ ಅಲ್ಲ. ಮಗ್ಗಿ ಬಂದರೆ ಅರ್ಥ ಹಿಂದೆಯೇ ಬರುತ್ತದೆ. ನಮಗೆ ಯಾರು ಪಟ್ಟಿ ಕತ್ತರಿಸಿ ತೋರಿಸಿದ್ದರು? ಜೊತೆಗೆ ಕನ್ನಡ ಅಂಕಿ ನಾಲಗೆಯ ಮೇಲೆ ಉಳಿಯುತ್ತದೆ. ಅದನ್ನು ಕಳೆದುಕೊಂಡರೆ ಮಕ್ಕಳು ಮನೆಯಲ್ಲಿ ಬೇರೆ ಯಾವ ಕನ್ನಡ ಆಡುತ್ತಾರೆ ಹೇಳಿ.

ಉತ್ತರ: ಕಾಲೇಜಿಗೆ ಹೋಗುವ ಮಗನ ತಾಯಿ

ಈ ಕೊನೆಯ ಮಾತು ಓದಿ ಬರೆಯಬೇಕು ಅನಿಸಿತು. ನಾನೂ ಹಾಗೇ ಅಂದುಕೊಂಡಿದ್ದೆ. ನಾನು ಕೆಲಸದಿಂದ ಬರುವಾಗ ರಾತ್ರಿ ಆಗುತ್ತಿತ್ತು, ಮಗನ ಜೊತೆ ಕನ್ನಡ ಮಾತಾಡಲು ಸಿಗುತ್ತಿದ್ದದ್ದು ಲೆಕ್ಕ ಮಾಡಿಸುವ ಆ ಒಂದು ಗಂಟೆ ಮಾತ್ರ. ಆ ಗಂಟೆ ಪೂರ್ತಿ ಬೈದಿದ್ದೇನೆ. "ಇಷ್ಟೂ ಗೊತ್ತಾಗಲ್ವಾ", "ಎಷ್ಟು ಸಲ ಹೇಳಬೇಕು", ಎಲ್ಲ ಕನ್ನಡದಲ್ಲೇ. ಈಗ ಅವನು ದೊಡ್ಡವನು. ಲೆಕ್ಕದಲ್ಲಿ ಚುರುಕು, ಅದರಲ್ಲಿ ಸಂಶಯ ಇಲ್ಲ. ಆದರೆ ನಾನು ಕನ್ನಡದಲ್ಲಿ ಶುರು ಮಾಡಿದರೆ ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಒಮ್ಮೆ ಕೇಳಿದೆ. ಕನ್ನಡ ಕೇಳಿದರೆ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ ಅಮ್ಮ ಅಂದ. ಮಗಳು ಪುಸ್ತಕ ಮುಚ್ಚಿದಾಗ ನೀವು ಜಗಳ ಮಾಡದೆ ಇಲ್ಲಿ ಬಂದು ಕೇಳಿದಿರಲ್ಲ, ನನಗೆ ಅದೇ ಸಮಾಧಾನ.

ಉತ್ತರ: ಕನ್ನಡ ಶಾಲೆ ನೋಡಿಕೊಳ್ಳುವವರು

ಅಕ್ಕ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು.

ನಾನು ಬೇರೆ ಒಂದು ವಿಷಯ ಹೇಳಬೇಕು. ನಿಮ್ಮ ಮಗಳಿಗೆ ಇದು ಅಮ್ಮನ ಹಳೇ ದಾರಿ ಅಂತ ಅನಿಸಿದರೆ, ಎಷ್ಟು ಹಳೇದು ಅಂತ ಹೇಳಿ. ಮಹಾವೀರಾಚಾರ್ಯರು ಸುಮಾರು 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ಲ.ಸಾ.ಅ.ಕ್ಕೆ 'ನಿರುದ್ಧ' ಅಂತ ಹೆಸರು. ಭಿನ್ನರಾಶಿಗಳ ಛೇದ ಒಂದು ಮಾಡುವುದಕ್ಕೇ ಅದನ್ನು ಹೇಳಿದ್ದಾರೆ. ಛೇದಗಳ ಸಾಮಾನ್ಯ ಅಪವರ್ತನಗಳನ್ನೂ ಕೊನೆಗೆ ಉಳಿಯುವ ಭಾಗಲಬ್ಧಗಳನ್ನೂ ಗುಣಿಸಬೇಕು. ನೀವು ಸಾಲಿನಲ್ಲಿ ಬರೆದು ಮಾಡಿದ್ದು ಇದೇ ಅಲ್ವಾ? 2, 3 ಹೊರಗೆ ಬಂತು, 2, 3 ಕೆಳಗೆ ಉಳಿಯಿತು. 2 × 3 × 2 × 3 = 36. ನಮ್ಮ ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನೆಟ್ಟಗೆ ಕೂತು ಕೇಳಿದರು.

ಉತ್ತರ: ಮೂರು ಮಕ್ಕಳ ಅಪ್ಪ

ಎಂಥ ಹೆಮ್ಮೆಯ ವಿಷಯ! ನಮ್ಮ ದೊಡ್ಡವಳು ಈ ಸಲ ಶಾಲೆಯ ಗಣಿತ ಸ್ಪರ್ಧೆಯಲ್ಲಿ ಮೊದಲು ಬಂದಳು. ರಕ್ತದಲ್ಲೇ ಇದೆ.

ಉತ್ತರ: ಇಪ್ಪತ್ತೆರಡು ವರ್ಷದಿಂದ ಇಲ್ಲಿ ಇರುವವರು

ಮಗ್ಗಿ ಹೇಳಿಸಿದಿರಾ ಅವಳಿಗೆ?

ಮೊದಲ ಪೋಸ್ಟ್ ಬರೆದವರು

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ನಿನ್ನೆ ಪಟ್ಟಿ ಕತ್ತರಿಸಿದೆವು. 30 ಚೌಕದ್ದನ್ನು 12 ಪಾಲು ಮಾಡಲು ಅವಳು ತುಂಬಾ ಹೊತ್ತು ಹೆಣಗಾಡಿದಳು, ನಾನು ಬಾಯಿ ಬಿಡಲಿಲ್ಲ. ಆಮೇಲೆ 3/10 + 4/15 ಅವಳೇ ಮಾಡಿದಳು. 30 ಚೌಕ ಸಾಕು ಅಂತ ಅವಳೇ ಹೇಳಿದಳು, 9 ಮತ್ತು 8, ಒಟ್ಟು 17/30. ನಾನು ಅದನ್ನೇ ಸಾಲಿನಲ್ಲಿ ಬರೆದು ಮಾಡಿದೆ. ಅದೇ 30 ಬಂದಾಗ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ತಾನೂ ಒಂದು ಸಲ ಮಾಡಿ ನೋಡಿದಳು.

ಒಂದು ಕಡೆ ಸಿಕ್ಕಿಹಾಕಿಕೊಂಡೆವು. 1/7 + 2/9. ಈ ಎರಡಕ್ಕೂ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನವೇ ಇಲ್ಲ. 63 ಚೌಕದ ಪಟ್ಟಿ ಹಾಳೆಯಲ್ಲಿ ಹಿಡಿಯಲಿಲ್ಲ. ಏನು ಮಾಡುವುದು?

ಉತ್ತರ: ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು

ಪಟ್ಟಿ ಬಿಟ್ಟು ಆಯತ ಬರೆಯಿರಿ. 7 ಅಡ್ಡ ಸಾಲು, 9 ಕಂಬಸಾಲು. ಒಂದು ಅಡ್ಡ ಸಾಲು ಅಂದರೆ 1/7, ಅದರಲ್ಲಿ 9 ಚೌಕ. ಎರಡು ಕಂಬಸಾಲು ಅಂದರೆ 2/9, ಅದರಲ್ಲಿ 14 ಚೌಕ. ಒಟ್ಟು 23/63. ಇಂಥ ಜೋಡಿಗೆ ಮಾತ್ರ ಛೇದ ಗುಣಿಸಿದ್ದೇ ಲ.ಸಾ.ಅ. ಎರಡಕ್ಕೂ ಬೇರೆ ಬೇರೆ ಆಯತ ಬರೆದು ಎಣಿಸಲಿ. ಒಂದರಲ್ಲೇ ಬಣ್ಣ ಹಚ್ಚಿದರೆ ಸಾಲು ದಾಟುವ ಕಡೆ 2 ಚೌಕ ಒಂದರ ಮೇಲೊಂದು ಬಂದು 21 ಅಂತ ತೋರುತ್ತದೆ.