ಅಪ್‌ಡೇಟ್: ಭೀಮನ ಗದೆ ಕೊನೆಗೂ ಸಿದ್ಧವಾಯ್ತು

ಹೋದ ತಿಂಗಳು ಕೇಳಿದ್ದೆನಲ್ಲ, 1988ರಲ್ಲಿ ದೂರದರ್ಶನದಲ್ಲಿ ಶುರುವಾದ 'ಮಹಾಭಾರತ'ದ ಭೀಮನ ಗದೆಯನ್ನು ಹಗುರಾಗಿ ಮಾಡುವುದು ಹೇಗೆ, ಥರ್ಮಾಕೋಲ್ ಮೇಲೆ ಸ್ಪ್ರೇ ಪೇಂಟ್ ಹೊಡೆದರೆ ಕರಗಿಹೋಗುತ್ತಿದೆ ಅಂತ. ಕಾಗದ, ಮೈದಾ ಅಂಟು ಬಳಸಿ ಅಂದವರಿಗೆ ದೊಡ್ಡ ನಮಸ್ಕಾರ.

ಬಲೂನಿನ ಮೇಲೆ ಹಳೇ ಪೇಪರ್ ಚೂರುಗಳನ್ನು ಒಂಬತ್ತು ಪದರ ಅಂಟಿಸಿದೆ. ಶಿರಸಿಯ ಮಳೆ ಗೊತ್ತಲ್ಲ, ಮೊದಲನೆಯದು ನಾಲ್ಕೇ ದಿನಕ್ಕೆ ಬೂಸ್ಟು ಹಿಡಿಯಿತು. ಎರಡನೇ ಸಲ, ಅಡಿಕೆಯ ಕೊಳೆರೋಗಕ್ಕೆ ತಂದಿಟ್ಟಿದ್ದ ಮೈಲುತುತ್ತವನ್ನು ಒಂದು ಚಿಟಿಕೆ ಅಂಟಿಗೆ ಸೇರಿಸಿದೆ (ಅಂದರೆ ತಾಮ್ರದ ಸಲ್ಫೇಟ್; ವಿಷ ಅದು, ಕೈಗವಸು ಬೇಕೇ ಬೇಕು). ಬಚ್ಚಲ ಒಲೆಯ ಮೇಲೆ ಎತ್ತರಕ್ಕೆ ತೂಗುಹಾಕಿ ಒಣಗಿಸಿದೆ. ಬೂಸ್ಟಿನ ಸುಳಿವಿಲ್ಲ! ಹಿಡಿಕೆಗೆ ಬಿದಿರು. ಸ್ಪ್ರೇ ಬಿಟ್ಟು, ಯಕ್ಷಗಾನದ ಕಿರೀಟಕ್ಕೆ ಹಚ್ಚುವ ಹಾಗೆ ಬಂಗಾರದ ಬಣ್ಣದ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸಿದೆ. ಉಗುರಿನಿಂದ ಒತ್ತಿ ಗೆರೆ ಎಳೆದಲ್ಲೆಲ್ಲ ದೀಪದ ಬೆಳಕಿಗೆ ಮಿರಮಿರ ಹೊಳೆಯುತ್ತದೆ.

ಆ ಭೀಮ, ಪ್ರವೀಣ್ ಕುಮಾರ್ ಸೋಬ್ತಿ, 1966 ಮತ್ತು 1970ರ ಏಷ್ಯನ್ ಗೇಮ್ಸ್‌ನಲ್ಲಿ ಡಿಸ್ಕಸ್ ಎಸೆದು ಚಿನ್ನ ಗೆದ್ದವರು. ಆ ತೋಳಲ್ಲಿ ಗದೆ ನೋಡುವವರಿಗೆ ನಿಜಕ್ಕೂ ಭಾರವೆನಿಸುತ್ತಿತ್ತು. ನನ್ನದು ಮುಕ್ಕಾಲು ಕಿಲೋ. ಆಯಿ ಅದನ್ನು ಹೆಗಲಿಗೇರಿಸಿಕೊಂಡು, ಆ ಧಾರಾವಾಹಿ ನೆನೆದು, "ಇದ್ರ ಸಲುವಾಗಿ ಭಾನುವಾರ ಆಸ್ರಿಗೇ ಹೊತ್ತಾಗ್ತಿತ್ತು ನೋಡು" (ಆಸ್ರಿ ಅಂದರೆ ಬೆಳಗಿನ ತಿಂಡಿ) ಎಂದಳು.