ಕರಾಟೆ ಬಿಟ್ಟು ಬಾಕ್ಸಿಂಗ್ ಸೇರಲೇ?

ಜೇವರ್ಗಿ ರಸ್ತೆಯವನು, ಕಲಬುರಗಿ
ಆರು ವರ್ಷದಿಂದ ಶೋಟೊಕಾನ್ ಕರಾಟೆ ಕಲಿಯುತ್ತಿದ್ದೇನೆ, ಬ್ರೌನ್ ಬೆಲ್ಟ್ ಇದೆ. ಕಳೆದ ಭಾನುವಾರ ಗ್ಲೌಸ್ ತೊಟ್ಟು ಗೆಳೆಯನ ಎದುರು ನಿಂತೆ. ಅವನು ಬಾಕ್ಸಿಂಗ್ ಶುರು ಮಾಡಿ ಎಂಟು ತಿಂಗಳಷ್ಟೇ. ಒಂದು ನಿಮಿಷದೊಳಗೆ ನನ್ನ ಮೂಗಿನಿಂದ ರಕ್ತ ಬಂತು. ನಿಜವಾದ ಹೊಡೆದಾಟಕ್ಕೆ ನನ್ನ ಕಲಿಕೆ ಒದಗುವುದಿಲ್ಲವೇ?

ಬೀದರಿನ ಹಳೆಯ ಕರಾಟೆಪಟು
ತಮ್ಮಾ, ಇದೇ ಪೆಟ್ಟನ್ನು ನಾನೂ ತಿಂದಿದ್ದೇನೆ. ಬೀದರಿನಲ್ಲಿ ಒಂಬತ್ತು ವರ್ಷ ಕರಾಟೆ ಮಾಡಿ, ಕೆಲಸಕ್ಕೆಂದು ಹೈದರಾಬಾದಿಗೆ ಹೋದಾಗ ಎರಡು ವರ್ಷ ಬಾಕ್ಸಿಂಗ್ ಕಲಿತೆ. ಮೊದಲ ದಿನವೇ ತರಬೇತುದಾರರು ನನ್ನ ಬಲಗೈ ಹಿಡಿದು ಕೇಳಿದರು: "ಎಡಗೈ ಗುದ್ದಿದಾಗ ಇದು ಸೊಂಟಕ್ಕೇಕೆ ಹೋಗುತ್ತದೆ?" ಕತಾದಲ್ಲಿ, ಅಂದರೆ ಒಬ್ಬರೇ ಮಾಡುವ ನಿಗದಿತ ವರಸೆಗಳಲ್ಲಿ, ಸಾವಿರಾರು ಸಲ ಮಾಡಿದ ಹಿಕಿತೆ ಅದು: ಒಂದು ಕೈ ಗುದ್ದುವಾಗ ಇನ್ನೊಂದನ್ನು ಸೊಂಟಕ್ಕೆ ಎಳೆದುಕೊಳ್ಳುವುದು. ಬಾಕ್ಸಿಂಗ್‌ನಲ್ಲಿ ಆ ಕೈ ಗಲ್ಲ ಕಾಯಬೇಕು. ನನ್ನ ಕೈ ಅಲ್ಲಿ ನಿಲ್ಲಲು ನಾಲ್ಕು ತಿಂಗಳು ಹಿಡಿಯಿತು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಇಬ್ಬರು ಅಂಕಕ್ಕಾಗಿ ಸೆಣಸುವ ಕುಮಿತೆಯಲ್ಲಿ ಏಟು ತಗುಲಿದೊಡನೆ ರೆಫರಿ "ಯಾಮೆ" (ನಿಲ್ಲಿಸಿ) ಎನ್ನುತ್ತಾರೆ, ಇಬ್ಬರೂ ಹಿಂದೆ ಸರಿಯುತ್ತೇವೆ. ಬಾಕ್ಸಿಂಗ್‌ನ 3 ನಿಮಿಷದ ಸುತ್ತಿನಲ್ಲಿ ಒಂದು ಏಟು ತಿಂದ ಕ್ಷಣವೇ ಮುಂದಿನದನ್ನು ತಡೆಯಬೇಕು. ನಿನ್ನ ಗೆಳೆಯ ಎಂಟು ತಿಂಗಳಲ್ಲಿ ಕಲಿತದ್ದು ಇದನ್ನೇ.

ಆದರೆ ಕರಾಟೆಯನ್ನು ಹಗುರವಾಗಿ ಕಂಡರೆ ನಾನು ಒಪ್ಪುವುದಿಲ್ಲ. ಶೋಟೊಕಾನ್ ಮನೆತನದ ಲ್ಯೋಟೊ ಮಚಿಡಾ 2009ರಲ್ಲಿ ಮಿಶ್ರ ಸಮರಕಲೆಯ ಯುಎಫ್‌ಸಿ ಸ್ಪರ್ಧೆಯಲ್ಲಿ ಲೈಟ್ ಹೆವಿವೇಟ್ ಪಟ್ಟ ಗೆದ್ದರು. ದೂರ ಕಾಯ್ದುಕೊಂಡು ಒಮ್ಮೆಲೇ ನುಗ್ಗುವ ಅವರ ನಡೆ ಕರಾಟೆಯದೇ. ಬೆಲ್ಟ್ ಬಿಡಬೇಡ. ವಾರಕ್ಕೆರಡು ದಿನ, ತಿರುಗಿ ಹೊಡೆಯುವವರ ಎದುರು ಆಡು.

ಯಾದಗಿರಿಯ ಎಕ್ಸ್‌ರೇ ತಂತ್ರಜ್ಞೆ
ಬಾಕ್ಸಿಂಗ್ ಕಲಿತವರು ಒಂದನ್ನು ಮರೆಯುತ್ತಾರೆ. ಅಲ್ಲಿ ಮುಷ್ಟಿಗೆ ಬಟ್ಟೆಪಟ್ಟಿ, ಗ್ಲೌಸ್ ಎರಡೂ ಇರುತ್ತವೆ. ಬರಿಗೈಯಲ್ಲಿ ತಲೆಗೆ ಗುದ್ದಿ, ಕಿರುಬೆರಳ ಬುಡದ ಮೂಳೆ ಮುರಿದುಕೊಂಡ ಹುಡುಗರ ಎಕ್ಸ್‌ರೇ ಎಷ್ಟೋ ತೆಗೆದಿದ್ದೇನೆ. ಅಭ್ಯಾಸದಲ್ಲಿ ಹೆಡ್‌ಗಾರ್ಡ್ ಹಾಕಿದರೂ ಮಿದುಳು ಅಲುಗುವುದು ತಪ್ಪುವುದಿಲ್ಲ. ತಲೆ ಸುತ್ತಿದರೆ ಆ ದಿನದ ಆಟ ಅಲ್ಲಿಗೇ ನಿಲ್ಲಿಸಿ, ದಯವಿಟ್ಟು.

ಜೇವರ್ಗಿ ರಸ್ತೆಯವನು, ಕಲಬುರಗಿ
ಇಬ್ಬರಿಗೂ ಧನ್ಯವಾದ. ರಾತ್ರಿ ಕನ್ನಡಿಯ ಮುಂದೆ ನೂರು ಸಲ ಗುದ್ದಿ ನೋಡಿದೆ. ಎಪ್ಪತ್ತಕ್ಕೂ ಹೆಚ್ಚು ಸಲ ಕೈ ಸೊಂಟಕ್ಕೇ ಹೋಯಿತು. ಬಿಡಿಸಿಕೊಳ್ಳುವುದು ಹೇಗೆ?

ಬೀದರಿನ ಹಳೆಯ ಕರಾಟೆಪಟು
ಮಡಚಿದ ಟವೆಲ್ ಒಂದನ್ನು ಬಲ ಮುಷ್ಟಿಗೂ ಕೆನ್ನೆಗೂ ನಡುವೆ ಒತ್ತಿ ಹಿಡಿ. ಎಡಗೈಯಿಂದ ಮಾತ್ರ ಜ್ಯಾಬ್, ಅಂದರೆ ಮುಂಗೈಯ ಚುರುಕಾದ ನೇರ ಗುದ್ದು, ಹೊಡೆ. ಟವೆಲ್ ಬಿದ್ದರೆ ಮತ್ತೆ ಒಂದರಿಂದ ಎಣಿಸು.